ಬಂದರಿನ ಹೊಗೆ ಕಾಂಪೌಂಡಿನ ಹೊರಗಿದೆ

ಪಣಂಬೂರಿನ ನವಮಂಗಳೂರು ಬಂದರು ತನಗೆ ಬೇಕಾದ ಕರೆಂಟನ್ನೆಲ್ಲ ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ ಎಂಬ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಸುಳ್ಳೇನಲ್ಲ. ಕಟ್ಟಡಗಳ ಮಾಡಿನ ಮೇಲೆ, ಖಾಲಿ ಜಾಗದಲ್ಲಿ ಎಲ್ಲ ಸೇರಿ ಸುಮಾರು 5 ಮೆಗಾವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದ್ದಾರೆ. ಆಫೀಸು, ರಸ್ತೆ ದೀಪ, ಪಂಪು, ಕ್ವಾರ್ಟರ್ಸ್ ಇಂಥ ಖರ್ಚಿಗೆ ಅದು ದೊಡ್ಡ ಮೊತ್ತವೇ. ದೇಶದ ದೊಡ್ಡ ಬಂದರುಗಳ ಪೈಕಿ ಈ ವಿಷಯದಲ್ಲಿ ನಮ್ಮದು ಮುಂದಿದೆ ಅಂತ ಧೈರ್ಯವಾಗಿ ಹೇಳಬಹುದು.

ಆದರೆ ಸಂಜೆ ಹೊತ್ತು ಪಣಂಬೂರು ಬೀಚಿನಲ್ಲಿ ನಿಂತು ಅಲೆ ತಡೆಯುವ ಬ್ರೇಕ್‌ವಾಟರ್ ಗೋಡೆಯ ಕಡೆ ಕಣ್ಣು ಹಾಯಿಸಿದರೆ ಬೇರೆಯದೇ ಕಾಣುತ್ತದೆ. ಒಳಗೆ ಬರ್ತಿಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಕಟ್ಟಿ ನಿಂತ ಹಡಗು ಒಂದಿಂಚೂ ಅಲ್ಲಾಡುತ್ತಿಲ್ಲ. ಅದರ ಚಿಮಣಿಯಿಂದ ಮಾತ್ರ ಹೊಗೆ ಏಳುತ್ತಲೇ ಇದೆ. ಆ ಹೊಗೆ ಬಂದರಿನ ಕರೆಂಟ್ ಬಿಲ್ಲಿನಲ್ಲಿ ಬರುವುದಿಲ್ಲ. ಬೈಕಂಪಾಡಿಯಲ್ಲಿ ಸಾಲು ನಿಂತ ಲಾರಿಗಳ ಹೊಗೆಯೂ ಬರುವುದಿಲ್ಲ. ಚಾನೆಲ್‌ನ ಹೂಳು ತೆಗೆಯುವ ಡ್ರೆಜ್ಜರ್ ಸುಡುವ ಇಂಧನ ಗುತ್ತಿಗೆದಾರನ ಖಾತೆಗೆ ಹೋಗುತ್ತದೆ. ಬರೀ ಕರೆಂಟಿನ ಲೆಕ್ಕ ಕೊಟ್ಟು ಬಂದರು ಹಸಿರಾಯಿತು ಅನ್ನುವುದು, ಮದುವೆ ಖರ್ಚು ಎಷ್ಟಾಯಿತು ಅಂತ ಕೇಳಿದರೆ ಚಪ್ಪರದ ಬಾಡಿಗೆ ಮಾತ್ರ ಹೇಳಿದ ಹಾಗೆ.

ಬಂದರುಗಳು ಮತ್ತು ಹವಾಮಾನ ಬದಲಾವಣೆ ಅಂತ ಮಾತು ಬಂದಾಗೆಲ್ಲ ನನಗೆ ಮುಖ್ಯ ಅನ್ನಿಸುವುದು ಈ ಕಾಂಪೌಂಡಿನ ಪ್ರಶ್ನೆ. ಬಂದರಿನ ಹೊಗೆಯಲ್ಲಿ ಬಹುಪಾಲು ಅದರ ಗೋಡೆಯ ಆಚೆಗಿದೆ. ಹವಾಮಾನದಿಂದ ಬಂದರಿಗೆ ಬರುವ ಅಪಾಯದಲ್ಲೂ ದೊಡ್ಡ ಪಾಲು ಗೋಡೆಯ ಆಚೆಗೇ ಇದೆ. ಯೋಜನೆಗಳು ಮಾತ್ರ ಗೋಡೆಯ ಒಳಗೇ ಸುತ್ತುತ್ತಿವೆ.

ಮೊದಲು ಹಡಗಿನ ವಿಷಯ ನೋಡೋಣ. ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ಶೇ 3ರ ಹತ್ತಿರ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಧ್ಯಯನದ ಪ್ರಕಾರ 2018ರಲ್ಲಿ ಇದು 100 ಕೋಟಿ ಟನ್ ದಾಟಿತ್ತು. ಇದರಲ್ಲಿ ಹೆಚ್ಚಿನದು ನಡು ಸಮುದ್ರದಲ್ಲಿ ಹೊರಬರುವಂಥದ್ದು. ಆದರೂ ಬಂದರಿನೊಳಗೆ ನಿಂತಾಗ ಬರುವ ಹೊಗೆಗೆ ತೂಕ ಜಾಸ್ತಿ, ಯಾಕೆಂದರೆ ಅದನ್ನು ಉಸಿರಾಡುವ ಜನ ಪಕ್ಕದಲ್ಲೇ ಇದ್ದಾರೆ. ಪಣಂಬೂರು, ಜೋಕಟ್ಟೆ, ಕೂಳೂರು, ತಣ್ಣೀರುಬಾವಿ ಎಲ್ಲ ಕೂಗಳತೆಯ ದೂರ.

ನಿಂತ ಹಡಗಿಗೆ ಎಂಜಿನ್ ಯಾಕೆ ಬೇಕು? ದೊಡ್ಡ ಎಂಜಿನ್ ಬಂದ್ ಆಗಿರುತ್ತದೆ, ನಿಜ. ಆದರೆ ದೀಪ, ಅಡುಗೆ, ಫ್ರಿಜ್, ಎಸಿ, ಹಡಗಿನ ಸಮತೋಲಕ್ಕೆ ತುಂಬುವ ಬ್ಯಾಲಸ್ಟ್ ನೀರಿನ ಪಂಪು, ಹಡಗಿನ ಸ್ವಂತ ಕ್ರೇನು ಇದಕ್ಕೆಲ್ಲ ಕರೆಂಟ್ ಬೇಕು. ಅದಕ್ಕೆ ಚಿಕ್ಕ ಜನರೇಟರುಗಳು ಓಡುತ್ತಿರುತ್ತವೆ. ಚಿಕ್ಕದು ಅಂದರೂ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ನೆನೆಸಿಕೊಳ್ಳಬೇಡಿ. ಚಳಿಗಾಲದಲ್ಲಿ ಪಣಂಬೂರಿಗೆ ಬರುವಂಥ ದೊಡ್ಡ ಕ್ರೂಸ್ ಹಡಗು ದಕ್ಕೆಯಲ್ಲಿ ನಿಂತಾಗ 5ರಿಂದ 10 ಮೆಗಾವ್ಯಾಟ್ ಬಳಸುತ್ತದೆ. ಪ್ರವಾಸಿಗರು ಕುದ್ರೋಳಿ, ಕಾರ್ಕಳ, ಮೂಡುಬಿದಿರೆ ಸುತ್ತಿ ಗೋಡಂಬಿ ಫ್ಯಾಕ್ಟರಿ ನೋಡಿ ವಾಪಸ್ ಬರುವಷ್ಟರಲ್ಲಿ ಹತ್ತು ಗಂಟೆ ಆಗುತ್ತದೆ ಅಂತಿಟ್ಟುಕೊಳ್ಳಿ. 7 ಮೆಗಾವ್ಯಾಟ್ ಲೆಕ್ಕದಲ್ಲಿ 70 ಸಾವಿರ ಯೂನಿಟ್ ಆಯಿತು. ಬಂದರಿನ ಅಷ್ಟೂ ಸೋಲಾರ್ ಪ್ಯಾನೆಲ್ ಸೇರಿ ಒಳ್ಳೆ ಬಿಸಿಲಿನ ದಿನ ಕೊಡುವುದು 20 ಸಾವಿರ ಯೂನಿಟ್ಟಿನ ಆಸುಪಾಸು. ಜೋರು ಮಳೆಯ ಆಟಿ ತಿಂಗಳಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳದಿರುವುದೇ ವಾಸಿ.

ಇದಕ್ಕೆ ಎಲ್ಲರೂ ಹೇಳುವ ಮದ್ದು ದಡದ ಕರೆಂಟು. ಹಡಗು ಬಂದು ಕಟ್ಟಿದ ಕೂಡಲೇ ದಡದಿಂದ ದಪ್ಪ ಕೇಬಲ್ ಎಳೆದು ಚುಚ್ಚುವುದು, ಜನರೇಟರ್ ಆಫ್ ಮಾಡುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2000ದಲ್ಲೇ ಇದು ಶುರುವಾಯಿತು. ಲಾಸ್ ಏಂಜಲೀಸ್‌ನಲ್ಲಿ ಕಂಟೇನರ್ ಹಡಗುಗಳಿಗೆ 2004ರಿಂದ ಇದೆ. ಯುರೋಪಿನ ಮುಖ್ಯ ಬಂದರುಗಳು 2030ರೊಳಗೆ ಕಂಟೇನರ್ ಮತ್ತು ಪ್ರಯಾಣಿಕರ ಹಡಗುಗಳಿಗೆ ಈ ವ್ಯವಸ್ಥೆ ಕೊಡಲೇಬೇಕು ಎಂಬ ಕಾನೂನಿದೆ.

ಕೇಳಲು ಸುಲಭ. ಮಾಡಲು ಹೊರಟರೆ ತೊಡಕು ಒಂದೊಂದಾಗಿ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಹುತೇಕ ಹಡಗುಗಳದ್ದು 60. ನಡುವೆ ಪರಿವರ್ತಕ ಬೇಕು, ಅದು ದುಬಾರಿ. ದೊಡ್ಡ ಹಡಗುಗಳಿಗೆ 6.6 ಅಥವಾ 11 ಕಿಲೋವೋಲ್ಟ್‌ನಲ್ಲಿ ಕೊಡಬೇಕು. ಹಡಗಿನಲ್ಲೂ ಸಾಕೆಟ್ ಇರಬೇಕು, ಹಳೆಯ ಹಡಗುಗಳಲ್ಲಿ ಇರುವುದಿಲ್ಲ. ದಡದ ಕರೆಂಟು ಹಡಗಿನ ಎಣ್ಣೆಗಿಂತ ತುಟ್ಟಿಯಾದರೆ ಕೇಬಲ್ ಇದ್ದರೂ ಕ್ಯಾಪ್ಟನ್ ಚುಚ್ಚಿಸಿಕೊಳ್ಳುವುದಿಲ್ಲ.

ಮಂಗಳೂರಿಗೆ ಇನ್ನೂ ಒಂದು ವಿಶೇಷ ತೊಡಕಿದೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಬಂದರಿನ ಸರಕು ವರ್ಷಕ್ಕೆ 4 ಕೋಟಿ ಟನ್ನಿಗೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಚ್ಚಾ ತೈಲ, ಪೆಟ್ರೋಲು, ಡೀಸೆಲ್, ಅಡುಗೆ ಅನಿಲ ಇಂಥವು. ತೈಲ ಹಡಗು ತನ್ನ ಸರಕನ್ನು ತನ್ನದೇ ಪಂಪಿನಿಂದ ದಡಕ್ಕೆ ತಳ್ಳುತ್ತದೆ. ದೊಡ್ಡ ಹಡಗುಗಳಲ್ಲಿ ಆ ಪಂಪು ನಡೆಯುವುದು ಹಬೆಯಿಂದ. ಹಬೆಗೆ ಬಾಯ್ಲರ್ ಉರಿಯಬೇಕು. ಸರಕು ಇಳಿಸುವ ದಿನ ಹತ್ತಾರು ಟನ್ ಇಂಧನ ಹೋಗುತ್ತದೆ, ಒಂದು ಟನ್ನಿಗೆ 3 ಟನ್ನಿಗೂ ಸ್ವಲ್ಪ ಜಾಸ್ತಿ ಇಂಗಾಲದ ಡೈಆಕ್ಸೈಡ್. ದಡದಿಂದ ಕೇಬಲ್ ಕೊಟ್ಟರೂ ಬಾಯ್ಲರ್ ನಿಲ್ಲುವುದಿಲ್ಲ. ತೈಲ, ಗ್ಯಾಸ್ ಇರುವ ಕಡೆ ದೊಡ್ಡ ವಿದ್ಯುತ್ ಸಂಪರ್ಕ ಕೊಡುವುದರಲ್ಲಿ ಕಿಡಿಯ ಭಯ ಬೇರೆ. ಹಾಗಾಗಿ ಕಂಟೇನರ್, ಕ್ರೂಸ್ ಹಡಗುಗಳನ್ನು ಮನಸ್ಸಿನಲ್ಲಿಟ್ಟು ಬರೆದ ಬೇರೆ ದೇಶದ ಪಾಠವನ್ನು ಇಲ್ಲಿ ಹಾಗೇ ಓದಿದರೆ ಲೆಕ್ಕ ತಪ್ಪುತ್ತದೆ. ನಮಗೆ ದಡದ ಕರೆಂಟು ಬೇಕಿರುವುದು ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಟಗ್‌ಗಳಿಗೆ, ಕಂಟೇನರ್ ಬರ್ತಿಗೆ, ಕ್ರೂಸ್ ನಿಲ್ಲುವ ಬರ್ತಿಗೆ. ತೈಲದ ಜೆಟ್ಟಿಗೆ ಬೇರೆಯೇ ದಾರಿ ಹುಡುಕಬೇಕು.

ಇನ್ನು ಆ ಕರೆಂಟು ಎಲ್ಲಿಂದ ಬರುತ್ತದೆ? ಹಡಗಿನ ಡೀಸೆಲ್ ಜನರೇಟರ್ ಒಂದು ಯೂನಿಟ್ ಮಾಡಲು ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಭಾರತದ ಗ್ರಿಡ್‌ನ ಸರಾಸರಿಯೂ 0.7 ಕೆಜಿಗಿಂತ ಸ್ವಲ್ಪ ಮೇಲೇ ಇದೆ, ನಮ್ಮಲ್ಲಿ ಕಲ್ಲಿದ್ದಲಿನ ಪಾಲು ಅಷ್ಟಿದೆ. ಅಂದರೆ ಗ್ರಿಡ್‌ನಿಂದ ತಂದ ಕರೆಂಟನ್ನೇ ಹಡಗಿಗೆ ಕೊಟ್ಟರೆ ಭೂಮಿಗೆ ಬೀಳುವ ಇಂಗಾಲ ಕಡಿಮೆಯಾಗುವುದಿಲ್ಲ. ಹೊಗೆ ಪಣಂಬೂರಿನಿಂದ ಎದ್ದು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಎಲ್ಲೂರಿಗೆ ಹೋಗಿ ಕೂರುತ್ತದೆ ಅಷ್ಟೆ. ತಮಾಷೆ ಏನೆಂದರೆ, ಎಲ್ಲೂರಿನ 1200 ಮೆಗಾವ್ಯಾಟ್ ಸ್ಥಾವರಕ್ಕೆ ಬೇಕಾದ ವಿದೇಶಿ ಕಲ್ಲಿದ್ದಲು ಇಳಿಯುವುದೂ ಇದೇ ಬಂದರಿನಲ್ಲಿ.

ಹಾಗಂತ ದಡದ ಕರೆಂಟು ಬೇಡ ಅನ್ನುತ್ತಿಲ್ಲ. ಗಂಧಕ, ನೈಟ್ರೋಜನ್ ಆಕ್ಸೈಡ್, ಕಣ್ಣಿಗೆ ಕಾಣದ ಮಸಿಯ ಕಣ ಇವು ಊರಿನ ಮಧ್ಯೆ ಬೀಳುವುದು ನಿಲ್ಲುತ್ತದೆ. ಅದೊಂದೇ ಕಾರಣಕ್ಕೂ ಮಾಡಬಹುದು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿದಿದ್ದರಿಂದ ಸ್ವಲ್ಪ ಸುಧಾರಿಸಿದೆ, ಪೂರ್ತಿ ಹೋಗಿಲ್ಲ. ಆದರೆ ಹವಾಮಾನದ ಹೆಸರು ಹೇಳಿ ಕೇಬಲ್ ಹಾಕುವುದಾದರೆ ಜೊತೆಗೆ ಗಾಳಿ, ಬಿಸಿಲಿನ ಕರೆಂಟು ಕೊಳ್ಳುವ ಒಪ್ಪಂದವನ್ನೂ ಮಾಡಿಕೊಳ್ಳಬೇಕು. ಚಿತ್ರದುರ್ಗ, ಗದಗದ ಗಾಳಿ ಗಿರಣಿಗಳಿರುವ ರಾಜ್ಯದಲ್ಲಿ ಅದೇನು ಕಷ್ಟದ ಮಾತಲ್ಲ.

ಕಾಸು ಖರ್ಚಿಲ್ಲದೆ ಹೊಗೆ ಇಳಿಸುವ ದಾರಿಯೂ ಒಂದಿದೆ. ಅದರ ಬಗ್ಗೆ ಇಲ್ಲಿ ಚರ್ಚೆ ಕಮ್ಮಿ. ರಾತ್ರಿ ತಣ್ಣೀರುಬಾವಿಯಲ್ಲಿ ನಿಂತರೆ ದೂರದಲ್ಲಿ ಸಾಲು ದೀಪ ಕಾಣುತ್ತದಲ್ಲ, ಅವು ಬರ್ತ್ ಖಾಲಿಯಾಗಲಿ ಅಂತ ಲಂಗರು ಹಾಕಿ ಕಾಯುವ ಹಡಗುಗಳು. ಮೊದಲು ಬಂದವನಿಗೆ ಮೊದಲ ಜಾಗ ಎಂಬ ಪದ್ಧತಿ ಇದ್ದರೆ ಎಲ್ಲರೂ ಓಡಿ ಬರುತ್ತಾರೆ, ಬಂದು ಸುಮ್ನೆ ನಿಲ್ಲುತ್ತಾರೆ. ಹಡಗಿನ ಎಂಜಿನ್ನಿಗೆ ಬೇಕಾದ ಶಕ್ತಿ ವೇಗದ ಮೂರನೇ ಘಾತದಷ್ಟು ಏರುತ್ತದೆ. ವೇಗವನ್ನು ಶೇ 10 ಇಳಿಸಿದರೆ ಅದೇ ದೂರಕ್ಕೆ ಶೇ 20ರ ಹತ್ತಿರ ಇಂಧನ ಉಳಿಯುತ್ತದೆ. ನಿನ್ನ ಬರ್ತ್ ಗುರುವಾರ ಬೆಳಿಗ್ಗೆ ಸಿಗುತ್ತದೆ, ನಿಧಾನ ಬಾ ಅಂತ ಬಂದರು ಮೊದಲೇ ಖಚಿತವಾಗಿ ಹೇಳಿಬಿಟ್ಟರೆ ಸಾಕು. ಇದಕ್ಕೆ ಬೇಕಿರುವುದು ಒಂದು ಸಾಫ್ಟ್‌ವೇರ್, ಮತ್ತೆ ಹಡಗು ಬಾಡಿಗೆಯ ಕರಾರಿನಲ್ಲಿ ನಾಲ್ಕು ಸಾಲು ಬದಲಾವಣೆ. ಆ ನಾಲ್ಕು ಸಾಲೇ ಕಷ್ಟ. ತಡವಾಗಿ ಬಂದರೆ ದಂಡ, ಬಂದು ಕಾದರೆ ಬಾಡಿಗೆದಾರ ಹಣ ಕೊಡಬೇಕು ಎಂಬ ಹಳೆಯ ಕರಾರು ಇರುವವರೆಗೆ ಕ್ಯಾಪ್ಟನ್ ಯಾಕೆ ನಿಧಾನ ಬರುತ್ತಾನೆ?

ಗೇಟಿನ ಹೊರಗೂ ಇದೇ ಕತೆ. ಬಂದರಿಗೆ ಹೋಗುವ, ಅಲ್ಲಿಂದ ಬರುವ ಲಾರಿಗಳು ಬೈಕಂಪಾಡಿಯಿಂದ ಕೂಳೂರು ಸೇತುವೆವರೆಗೆ ಹೆದ್ದಾರಿಯ ಬದಿಗೆ ನಿಲ್ಲುವುದನ್ನು ನೋಡದವರು ಮಂಗಳೂರಿನಲ್ಲಿ ಯಾರಿದ್ದಾರೆ? ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್. ಸಾಲು ಒಂದೊಂದು ಲಾರಿ ಉದ್ದ ಮುಂದೆ ಸರಿಯುವಾಗ ಎಂಜಿನ್ ಆಫ್ ಮಾಡಿ ಆನ್ ಮಾಡಿ ಯಾವ ಡ್ರೈವರನೂ ಕೂರುವುದಿಲ್ಲ. ಹೊತ್ತು ಗೊತ್ತು ಮಾಡಿ ಗೇಟಿಗೆ ಕರೆಯುವ ಪದ್ಧತಿ ಬಂದರೆ ಆ ಸಾಲಿನ ದೊಡ್ಡ ಭಾಗ ಕರಗುತ್ತದೆ, ಡ್ರೈವರಿಗೆ ಒಂದು ರಾತ್ರಿಯ ನಿದ್ದೆಯೂ ಸಿಗುತ್ತದೆ.

ಲಾಸ್ ಏಂಜಲೀಸ್ ಬಂದರಿನಿಂದ ಕಲಿಯಬೇಕಾದದ್ದು ಇಲ್ಲಿದೆ. ಅವರು 2005ಕ್ಕೆ ಹೋಲಿಸಿದರೆ ಡೀಸೆಲ್ ಮಸಿಯನ್ನು ಶೇ 80ಕ್ಕೂ ಹೆಚ್ಚು ಇಳಿಸಿದ್ದಾರೆ. ದಡದ ಕರೆಂಟು, ಹೊಸ ಲಾರಿ ಇವೆಲ್ಲ ಇದ್ದವು. ಆದರೆ ಅದರ ಹಿಂದೆ ಒಂದು ನೀರಸ ಕೆಲಸ ಇದೆ: ಪ್ರತಿ ವರ್ಷ ಸಮುದ್ರದ ಹಡಗು, ಟಗ್‌ನಂಥ ಬಂದರಿನ ದೋಣಿಗಳು, ಕ್ರೇನು ಯಂತ್ರಗಳು, ರೈಲು, ಲಾರಿ ಐದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಪ್ರಕಟಿಸುತ್ತಾರೆ. ಅದರಲ್ಲಿ ಬಂದರಿನ ಸ್ವಂತದ್ದು ಅನ್ನುವುದು ಬಹಳ ಕಮ್ಮಿ. ತನ್ನದಲ್ಲದ ಹೊಗೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಯಾರಿಂದ ಏನು ಮಾಡಿಸಬೇಕು ಎಂಬುದು ಗೊತ್ತಾಯಿತು.

ನಮ್ಮಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಹರಿತ್ ಸಾಗರ್ ಎಂಬ ಹಸಿರು ಬಂದರು ಮಾರ್ಗಸೂಚಿ ತಂದಿತು. ಸಾಗಿಸುವ ಪ್ರತಿ ಟನ್ ಸರಕಿಗೆ ಬರುವ ಇಂಗಾಲವನ್ನು 2030ಕ್ಕೆ ಶೇ 30, 2047ಕ್ಕೆ ಶೇ 70 ಇಳಿಸಬೇಕು ಎಂಬುದು ಗುರಿ. ಒಳ್ಳೆಯದೇ. ಆದರೆ ‘ಪ್ರತಿ ಟನ್ನಿಗೆ’ ಎಂಬಲ್ಲಿ ಒಂದು ಕಿಂಡಿ ಇದೆ. ಸರಕು ಎರಡು ಪಟ್ಟಾಗಿ, ಟನ್ನಿಗೆ ಶೇ 30 ಕಮ್ಮಿಯಾದರೆ, ಒಟ್ಟು ಹೊಗೆ ಇವತ್ತಿನದಕ್ಕಿಂತ ಶೇ 40 ಜಾಸ್ತಿ. ಗುರಿ ಮುಟ್ಟಿದ ಸಂಭ್ರಮವೂ ಆಯಿತು, ಹೊಗೆಯೂ ಏರಿತು! ಹಸಿರು ಟಗ್‌ಗಳ ಯೋಜನೆ 2024ರಲ್ಲಿ ಶುರುವಾಗಿದೆ. ಮೊದಲ ಹಂತದ ಪಟ್ಟಿಯಲ್ಲಿ ಮುಂಬೈ ಪಕ್ಕದ ಜೆಎನ್‌ಪಿಎ, ಕಾಂಡ್ಲಾ, ಪಾರಾದೀಪ್, ತೂತ್ತುಕುಡಿ ಇವೆ, ಮಂಗಳೂರು ಇಲ್ಲ. ಹಸಿರು ಹೈಡ್ರೋಜನ್ ಕೇಂದ್ರಗಳಾಗಿ ಗುರುತಿಸಿದ ಬಂದರುಗಳಲ್ಲೂ ನಮ್ಮ ಹೆಸರಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಎಳೆದಾಟ ನಡೆಯುತ್ತಲೇ ಇದೆ. 2050ರ ಆಸುಪಾಸಿಗೆ ಹಡಗುಗಳ ಇಂಗಾಲ ಸೊನ್ನೆಗೆ ತರುತ್ತೇವೆ ಅಂತ ಕಡಲ ಸಂಸ್ಥೆ 2023ರಲ್ಲಿ ಒಪ್ಪಿತು. ಅದಕ್ಕೆ ದರ ಕಟ್ಟುವ ನಿಯಮಕ್ಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟು, ಅಕ್ಟೋಬರಿನಲ್ಲಿ ಅಂತಿಮ ಮತದಾನವನ್ನು ಒಂದು ವರ್ಷ ಮುಂದೂಡಿತು. ಯುರೋಪು ಮಾತ್ರ ಕಾಯಲಿಲ್ಲ. 2024ರಿಂದ ತನ್ನ ಬಂದರಿಗೆ ಬರುವ ಹಡಗುಗಳಿಂದ ಇಂಗಾಲದ ಹಣ ವಸೂಲಿ ಮಾಡುತ್ತಿದೆ. ಹೊರದೇಶದಿಂದ ಬಂದ ಪ್ರಯಾಣವಾದರೆ ಅರ್ಧ ಹೊಗೆಗೆ ಲೆಕ್ಕ. ಮೊದಲ ವರ್ಷದ ಹೊಗೆಗೆ ಶೇ 40, ಎರಡನೆಯದಕ್ಕೆ ಶೇ 70, 2026ರ ಹೊಗೆಯಿಂದ ಪೂರ್ತಿ.

ಇದರಿಂದ ನಮಗೇನು ಅಂತ ಕೇಳಬಹುದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಮಂಗಳೂರಿನಿಂದಲೇ ಕಂಟೇನರ್ ಹತ್ತುತ್ತದೆ. ಭಾರತದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಹಡಗು ಕಂಪನಿ ಕಟ್ಟುವ ಇಂಗಾಲದ ಹಣ ಸರ್‌ಚಾರ್ಜ್ ಆಗಿ ಆ ಕಂಟೇನರಿನ ಬಾಡಿಗೆಗೆ ಸೇರುತ್ತದೆ. ತೋಟದವರಿಗೆ ರೇಟು ಕಟ್ಟುವಾಗ ಅದರಲ್ಲಿ ಒಂದು ಪಾಲು ಕಳೆದೇ ಕಟ್ಟುತ್ತಾರೆ ಅಲ್ವಾ?

ಹೊಗೆಯ ಕತೆ ಇಷ್ಟು. ಇನ್ನು ಹವಾಮಾನ ಬಂದರಿಗೆ ಏನು ಮಾಡಬಹುದು ಎಂಬುದು. ನನ್ನ ಮಟ್ಟಿಗೆ ಇದು ಹೆಚ್ಚು ತುರ್ತಿನದ್ದು.

ಹಿಂದೆ ನಮ್ಮ ಕಡಲು ಕೆಡುವುದಕ್ಕೆ ಒಂದು ಕ್ಯಾಲೆಂಡರ್ ಇತ್ತು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಬೋಟುಗಳು ದಡಕ್ಕೆ. ಆಗಸ್ಟ್ ಹೊತ್ತಿನ ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು, ಕಾಯಿ ಬಿಟ್ಟು, ಮತ್ತೆ ನೀರಿಗೆ. ಸರ್ಕಾರದ ಮೀನುಗಾರಿಕೆ ನಿಷೇಧ ಕೂಡ ಜೂನ್ 1ರಿಂದ ಜುಲೈ 31. ಈಗ ತೂಫಾನು ಬರುವುದು ಈ ಎರಡು ತಿಂಗಳಲ್ಲಷ್ಟೇ ಅಲ್ಲ. ಮೇ ತಿಂಗಳಲ್ಲೂ ಬರುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಬರುತ್ತದೆ. ಅಂದರೆ ಬೋಟುಗಳೆಲ್ಲ ನೀರಿನಲ್ಲಿರುವಾಗ, ಡ್ರೆಜ್ಜರ್ ಕೆಲಸ ಮಾಡುವಾಗ, ಕ್ರೂಸ್ ಹಡಗು ಬರುವಾಗ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ ಪ್ರಕಾರ 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ 52 ಜಾಸ್ತಿಯಾಗಿವೆ, ಅವು ಸಮುದ್ರದಲ್ಲಿ ಸುತ್ತಾಡುವ ಹೊತ್ತು ಶೇ 80 ಏರಿದೆ. ಕಡಲ ನೀರು ಬಿಸಿಯಾದಷ್ಟೂ ತೂಫಾನಿಗೆ ಮೇವು ಜಾಸ್ತಿ.

2021ರ ಮೇ ತಿಂಗಳ ತೌಕ್ತೆ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅದು ಮಂಗಳೂರಿಗೆ ಬಡಿದಿರಲೇ ಇಲ್ಲ. ದೂರದಲ್ಲಿ ಹಾದು ಗುಜರಾತಿಗೆ ಹೋಯಿತು. ಆದರೂ ದೊಡ್ಡ ತೈಲ ಹಡಗುಗಳು ಬಂದು ಕಟ್ಟುವ ಕಡಲ ನಡುವಿನ ತೇಲು ನಿಲ್ದಾಣದ ಕೆಲಸಕ್ಕಿದ್ದ ಎರಡು ಟಗ್‌ಗಳು ಹಿಡಿತ ತಪ್ಪಿದವು. ‘ಅಲಯನ್ಸ್’ ಮಗುಚಿ ಜೀವಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್’ ಕಾಪು ಕಡೆಯ ಬಂಡೆಗಳಿಗೆ ಸಿಕ್ಕಿಕೊಂಡಿತು, ಅದರಲ್ಲಿದ್ದ 9 ಜನರನ್ನು ಕರಾವಳಿ ರಕ್ಷಣಾ ಪಡೆಯ ಬೋಟು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿ ತಂದವು. ಬ್ರೇಕ್‌ವಾಟರ್ ಒಳಗೆ ಬರ್ತುಗಳು ನೆಟ್ಟಗಿದ್ದವು. ಅಪಾಯ ಬಂದದ್ದು ಹೊರಗೆ, ಸಣ್ಣ ಹಡಗಿನವರಿಗೆ. ಎಷ್ಟು ಗಂಟೆ ಮೊದಲು ಯಾರು ಒಳಗೆ ಬರಬೇಕು, ಬಾರದಿದ್ದರೆ ಎಳೆದು ತರುವವರು ಯಾರು, ಗುತ್ತಿಗೆಯ ಹಡಗಾದರೆ ಆದೇಶ ಕೊಡುವವರು ಯಾರು ಎಂಬುದನ್ನು ಬರೆದಿಡುವುದು ಸಿಮೆಂಟಿನ ಕೆಲಸಕ್ಕಿಂತ ಅಗ್ಗ. ಹವಾಮಾನಕ್ಕೆ ಸಿದ್ಧತೆ ಅಂದರೆ ಮೊದಲು ಇದು.

ಸಮುದ್ರ ಮಟ್ಟ ಏರುವುದು ನಿಧಾನದ ಕತೆ. 2006ರಿಂದ 2018ರವರೆಗೆ ಜಗತ್ತಿನ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್. ಇಷ್ಟೇನಾ ಅನ್ನಿಸುತ್ತದೆ. ಆದರೆ ಬಂದರಿಗೆ ತೊಂದರೆ ಕೊಡುವುದು ಸರಾಸರಿ ಅಲ್ಲ. ಹುಣ್ಣಿಮೆಯ ಉಬ್ಬರ, ತೂಫಾನಿನ ನೂಕು, ಜೋರು ಮಳೆ ಮೂರೂ ಒಂದೇ ರಾತ್ರಿ ಬರುವುದು. ಆ ರಾತ್ರಿ ಮಳೆನೀರಿನ ಚರಂಡಿಯ ಬಾಯಿ ಕಡಲ ನೀರಿನ ಕೆಳಗಿರುತ್ತದೆ, ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಮಂಗಳೂರಿಗೆ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ, ಅದರ ಎತ್ತರ ಅಳತೆಗಳನ್ನು ಲೆಕ್ಕ ಹಾಕಿದ್ದು ಅದಕ್ಕಿಂತ ಹಿಂದಿನ ಅಲೆ, ಮಳೆ ನೋಡಿ. ಬರ್ತನ್ನೇ ಎತ್ತರಿಸುವುದು ಸುಲಭವಿಲ್ಲ. ಸಬ್‌ಸ್ಟೇಷನ್, ಪಂಪ್‌ಹೌಸ್, ಸರ್ವರ್ ಕೋಣೆ, ಬೆಂಕಿ ಆರಿಸುವ ವ್ಯವಸ್ಥೆ ಇವನ್ನು ಮಾತ್ರ ಮುಂದಿನ ರಿಪೇರಿಯ ಹೊತ್ತಿಗೇ ಒಂದು ಮೀಟರ್ ಮೇಲೆ ಕೂರಿಸಬಹುದು. ಎಲ್ಲವನ್ನೂ ಕರೆಂಟಿಗೆ ಬದಲಾಯಿಸಲು ಹೊರಟ ಬಂದರಿಗೆ ಇದು ಇನ್ನೂ ಮುಖ್ಯ. ಡೀಸೆಲ್ ಕ್ರೇನಿಗೆ ನೀರು ನಿಂತ ಸಬ್‌ಸ್ಟೇಷನ್ ತಡೆಯಾಗುವುದಿಲ್ಲ, ಕರೆಂಟಿನ ಕ್ರೇನಿಗೆ ಆಗುತ್ತದೆ.

ಬ್ರೇಕ್‌ವಾಟರ್ ಎತ್ತರಿಸಿ, ಉದ್ದ ಮಾಡಿ ಅನ್ನುವ ಸಲಹೆ ಬಂದಾಗ ಮಾತ್ರ ಉಳ್ಳಾಲದವರನ್ನೂ ಒಂದು ಮಾತು ಕೇಳಬೇಕು. ನೇತ್ರಾವತಿ, ಗುರುಪುರ ಹೊಳೆ ಸೇರುವ ಅಳಿವೆ ಬಾಗಿಲಿಗೆ ಕಲ್ಲಿನ ಗೋಡೆ ಬಂದ ಮೇಲೆ ಬೆಂಗ್ರೆ ಕಡೆ ಮರಳು ಕೂಡಿತು, ನಮ್ಮ ಕಡೆ ಮನೆ ಹೋಯಿತು ಎಂಬುದು ಅವರ ಬಹಳ ವರ್ಷದ ದೂರು. ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ ತಪ್ಪಿದ್ದಲ್ಲ. ತೀರದ ಮರಳು ನಡೆಯುತ್ತಿರುತ್ತದೆ, ಎಲ್ಲಿ ತಡೆದರೂ ಮುಂದಿನವನಿಗೆ ಕೊರತೆ ಬೀಳುತ್ತದೆ. ಬಂದರು ತನ್ನನ್ನು ತಾನು ಕಾಪಾಡಿಕೊಳ್ಳಲು ಹಾಕುವ ಒಂದೊಂದು ಕಲ್ಲಿಗೂ ಪಕ್ಕದ ಊರಿನಲ್ಲಿ ಒಂದು ಬೆಲೆ ಇದೆ.

ಈಗ ಘಟ್ಟಕ್ಕೆ ಬರೋಣ. ಬಂದರಿನ ಬಗ್ಗೆ ಬರೆಯುತ್ತಾ ಸಕಲೇಶಪುರಕ್ಕೆ ಹೋದನಲ್ಲ ಮಾರಾಯ ಅನ್ನಬೇಡಿ. ಈ ಬಂದರಿನ ಅತಿ ದುರ್ಬಲ ಜಾಗ ಅಲ್ಲೇ ಇರುವುದು. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಘಟ್ಟದ ರಸ್ತೆಗಳು ಕುಸಿದವು. ಸುಬ್ರಹ್ಮಣ್ಯ ಘಾಟಿಯ ರೈಲು ಹಳಿಯ ಮೇಲೂ ಗುಡ್ಡ ಬಿತ್ತು. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣೇ ಜಾರಿ ಹಲವು ದಿನ ರೈಲು ನಿಂತಿತು, ಅದೇ ದಿನಗಳಲ್ಲಿ ಶಿರಾಡಿಯಲ್ಲೂ ಗುಡ್ಡ ಕುಸಿಯಿತು. ಚಾರ್ಮಾಡಿಯಲ್ಲಿ ಭಾರಿ ಲಾರಿ ಬಿಡುವುದಿಲ್ಲ. ಅಂಥ ದಿನ ಪಣಂಬೂರಿನಲ್ಲಿ ಕಡಲು ಶಾಂತವಾಗಿದ್ದು, ಕ್ರೇನು ಸರಿಯಾಗಿದ್ದು, ಸೋಲಾರ್ ಕರೆಂಟು ಬರುತ್ತಿದ್ದರೂ ಏನು ಪ್ರಯೋಜನ? ಇಳಿಸಿದ ಗೊಬ್ಬರ ಮೇಲೆ ಹೋಗುವುದಿಲ್ಲ, ಕಾಫಿ ಕೆಳಗೆ ಬರುವುದಿಲ್ಲ.

ಹೊಗೆಯ ಲೆಕ್ಕಕ್ಕೂ ಘಟ್ಟವೇ ನಿರ್ಣಾಯಕ. ತುಂಬಿದ ಲಾರಿ ಗುಂಡ್ಯದಿಂದ ಮಾರನಹಳ್ಳಿಗೆ ಕಡಿಮೆ ಗೇರಿನಲ್ಲಿ ಏರುವಾಗ ಹಿಂದೆ ಬೈಕಿನಲ್ಲಿ ಹೋದವರಿಗೆ ಡೀಸೆಲ್ ಎಷ್ಟು ಹೋಗುತ್ತದೆ ಅಂತ ಮೂಗೇ ಹೇಳುತ್ತದೆ. ಅದೇ ಸರಕು ರೈಲಿನಲ್ಲಿ ಹೋದರೆ ಟನ್ನಿಗೆ ತಗಲುವ ಇಂಧನ ತುಂಬಾ ಕಮ್ಮಿ. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್ ಒಂಟಿ ಹಳಿ, 50 ಅಡಿಗೆ ಒಂದು ಅಡಿಯ ಏರು, ಸುರಂಗದ ಮೇಲೆ ಸುರಂಗ. ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಇದಕ್ಕೆ ಹೋಲಿಸಿದರೆ ಕರಾವಳಿ ಉದ್ದಕ್ಕೂ ಕೊಂಕಣ ರೈಲ್ವೆ ಚೆನ್ನಾಗಿ ದುಡಿಯುತ್ತಿದೆ. ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸುವ ರೋ-ರೋ ಸೇವೆ ಎರಡು ದಶಕದಿಂದ ನಡೆಯುತ್ತಿದೆ. ಇಂಗಾಲ ಇಳಿಸುವುದು ಅಂತ ಯಾರೂ ಮಾತಾಡದ ಕಾಲದಲ್ಲಿ ಶುರುವಾದ ಯೋಜನೆ ಅದು.

ಬಂದರಿನ ದುಡ್ಡಿನ ಬುಡದಲ್ಲೂ ಒಂದು ಪ್ರಶ್ನೆ ಇದೆ, ಅದನ್ನು ಸುತ್ತು ಬಳಸದೆ ಕೇಳಬೇಕು. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ. ಒಂದು ಟನ್ ಉರಿದರೆ ಸುಮಾರು 3 ಟನ್ ಇಂಗಾಲದ ಡೈಆಕ್ಸೈಡ್. ಅದರ ಮುಂದೆ ಬಂದರಿನ ಸೋಲಾರ್ ವರ್ಷಕ್ಕೆ ಉಳಿಸುವ ಕೆಲವು ಸಾವಿರ ಟನ್ ಕಣ್ಣಿಗೇ ಬೀಳುವುದಿಲ್ಲ. ಆ ಹೊಗೆಗೆಲ್ಲ ಬಂದರನ್ನು ದೂರುವುದು ನ್ಯಾಯವಲ್ಲ, ತೈಲ ಉರಿಸುವವರು ನಾವು. ಆದರೆ ದೇಶ 2070ಕ್ಕೆ ಇಂಗಾಲ ಸೊನ್ನೆ ಮಾಡುತ್ತೇನೆ ಅಂದಿದೆ. ಅದು ನಿಜವಾದರೆ ಈ ಬಂದರಿನ ಅರ್ಧಕ್ಕಿಂತ ಜಾಸ್ತಿ ಸರಕು, ಮೇಲೆ ಕಲ್ಲಿದ್ದಲು, ಇಳಿಯುತ್ತಾ ಹೋಗುತ್ತವೆ. ಇವತ್ತು 40–50 ವರ್ಷ ಬಾಳುವ ತೈಲದ ಜೆಟ್ಟಿಗೆ ಹಣ ಹಾಕುವವರು ಆಮೇಲೆ ಅದರಲ್ಲಿ ಏನು ಇಳಿಸುತ್ತಾರೆ? ಮೆಥನಾಲ್, ಅಮೋನಿಯಾದಂಥ ಹೊಸ ಇಂಧನಕ್ಕೂ ಹೊಂದುವ ಹಾಗೆ ಪೈಪು, ಟ್ಯಾಂಕು ಕಟ್ಟಬಹುದು. ಅಮೋನಿಯಾ ವಿಷದ ಅನಿಲ, ಜೋಕಟ್ಟೆಯ ಪಕ್ಕದಲ್ಲಿ ಅದನ್ನು ತುಂಬಿಡುವ ಮೊದಲು ಅಲ್ಲಿನ ಜನರ ಒಪ್ಪಿಗೆ ಬೇಕು.

ಇಷ್ಟೆಲ್ಲ ಮಾತಿನಲ್ಲಿ ಮಲ್ಪೆ ಎಲ್ಲೂ ಬರಲಿಲ್ಲ. ಹಸಿರು ಬಂದರು ಅನ್ನುವ ಯೋಜನೆಗಳಲ್ಲೂ ಅದು ಬರುವುದಿಲ್ಲ, ಯಾಕೆಂದರೆ ಅದು ರಾಜ್ಯದ ಮೀನುಗಾರಿಕೆ ಬಂದರು. ಮಂಗಳೂರಿನ ಹಳೆ ದಕ್ಕೆಯೂ ಹಾಗೇ. ಆದರೆ ಆಳಸಮುದ್ರದ ಒಂದು ಟ್ರಾಲ್ ಬೋಟು ಹತ್ತು ದಿನದ ಟ್ರಿಪ್ಪಿಗೆ ಸಾವಿರಗಟ್ಟಲೆ ಲೀಟರ್ ಡೀಸೆಲ್ ತುಂಬಿಕೊಂಡು ಹೋಗುತ್ತದೆ. ತೆರಿಗೆ ರಿಯಾಯಿತಿಯ ಡೀಸೆಲ್ ಆದ್ದರಿಂದ ಬೋಟುವಾರು ಲೀಟರಿನ ಲೆಕ್ಕ ಇಲಾಖೆಯ ಹತ್ತಿರ ಇದ್ದೇ ಇರುತ್ತದೆ. ಹೊಗೆಯ ಲೆಕ್ಕ ಮಾಡಲು ಹೊಸ ಸಮೀಕ್ಷೆಯೇ ಬೇಡ. ಬೂತಾಯಿ, ಬಂಗುಡೆ ಹತ್ತಿರದಲ್ಲಿ ಸಿಗದಿದ್ದರೆ ಬೋಟು ಇನ್ನೂ ದೂರ ಹೋಗುತ್ತದೆ, ಡೀಸೆಲ್ ಇನ್ನೂ ಸುಡುತ್ತದೆ. ಅವರಿಗೆ ಬ್ಯಾಟರಿ ಬೋಟು ಕೊಡುತ್ತೇವೆ ಅನ್ನುವುದು ಸದ್ಯಕ್ಕೆ ಕನಸು. ಐಸ್‌ಪ್ಲಾಂಟುಗಳ ಮಾಡಿಗೆ ಸೋಲಾರ್, ಕೆಲಸ ಮುಗಿಸಿ ನಿಂತ ಬೋಟಿಗೆ ದಡದಿಂದ ಕರೆಂಟು, ಒಳ್ಳೆಯ ಪ್ರೊಪೆಲ್ಲರ್ ಇವು ಇವತ್ತೇ ಆಗುವಂಥವು.

ಮಲ್ಪೆಗೆ ಇನ್ನೂ ತುರ್ತಾಗಿ ಬೇಕಿರುವುದು ಜಾಗ. ತೂಫಾನಿನ ಸೂಚನೆ ಬಂದ ಕೂಡಲೇ ನಮ್ಮ ಬೋಟುಗಳ ಜೊತೆ ಕೇರಳ, ತಮಿಳುನಾಡು, ಗೋವಾದವರೂ ಹತ್ತಿರದ ಬಂದರಿಗೆ ನುಗ್ಗುತ್ತಾರೆ. ಬೋಟಿಗೆ ಬೋಟು ತಾಗಿ ನಿಂತಿರುವಾಗ ಒಂದಕ್ಕೆ ಬೆಂಕಿ ಬಿದ್ದರೂ ಅಷ್ಟೂ ಹೋಗುತ್ತವೆ. ಹೂಳು ತುಂಬಿದ ಅಳಿವೆಯಲ್ಲಿ ಅಲೆ ಒಡೆಯುವಾಗ ಒಳಗೆ ಬರುವುದೇ ಜೀವಕ್ಕೆ ಅಪಾಯ. ಪಣಂಬೂರಿನ ಆಳದ, ಸುರಕ್ಷಿತ ಹೊಂಡದಲ್ಲಿ ಅಂಥ ರಾತ್ರಿಗಳಿಗೆ ಇಷ್ಟು ಬೋಟು, ಈ ಮೂಲೆ ಅಂತ ಮೊದಲೇ ಗುರುತು ಹಾಕಿಟ್ಟರೆ ಬಂದರಿಗೆ ಹೋಗುವ ಗಂಟೇನಿಲ್ಲ.

ಇದನ್ನೆಲ್ಲ ಒಂದೇ ಮೇಜಿಗೆ ತರುವವರು ಯಾರು ಎಂಬಲ್ಲಿ ಬಂದು ವಿಷಯ ನಿಲ್ಲುತ್ತದೆ. ಬಂದರು ಕೇಂದ್ರ ಸರ್ಕಾರದ್ದು. ಮಲ್ಪೆ, ಹಳೆ ದಕ್ಕೆ ರಾಜ್ಯದ್ದು. ಶಿರಾಡಿ ಹೆದ್ದಾರಿ ಪ್ರಾಧಿಕಾರದ್ದು, ಹಳಿ ರೈಲ್ವೆಯದ್ದು. ಮಳೆಗಾಲದ ಮುಂಚೆ ಜಿಲ್ಲಾಧಿಕಾರಿ ಕರೆಯುವ ವಿಪತ್ತು ನಿರ್ವಹಣಾ ಸಭೆಗೆ ಇವರನ್ನೆಲ್ಲ ಕೂರಿಸುವ ಅಧಿಕಾರ 2005ರ ಕಾಯ್ದೆಯಲ್ಲಿದೆ. ಆದರೆ ಆ ಸಭೆ ಜಿಲ್ಲೆಗೊಂದು. ಬಂದರು ದಕ್ಷಿಣ ಕನ್ನಡದಲ್ಲಿ, ಮಲ್ಪೆಯೂ ಎಲ್ಲೂರಿನ ಸ್ಥಾವರವೂ ಉಡುಪಿಯಲ್ಲಿ, ಸಕಲೇಶಪುರದ ಹತ್ತಿರ ಘಟ್ಟ ಶುರುವಾಗುವ ದೋಣಿಗಾಲ್ ಹಾಸನದಲ್ಲಿ. ಮೂರು ಜಿಲ್ಲೆ ಸೇರಿ ಏಪ್ರಿಲ್‌ನಲ್ಲೇ ಒಂದು ಸಭೆ ಮಾಡಿ, ತೂಫಾನು ಬಂದರೆ ಬೋಟು ಎಲ್ಲಿ, ಘಟ್ಟ ಬಿದ್ದರೆ ಸರಕು ಎಲ್ಲಿ ಎಂಬ ಎರಡು ಪುಟ ಬರೆದಿಡಲು ಯಾವ ಹೊಸ ಕಾನೂನೂ ಬೇಡ.